ಅಕ್ಕನ ಗಂಜಿ ಮತ್ತು ನಾಲ್ಕೇ ನಾಲ್ಕು ಉಲ್ಲೇಖ

ಇಲ್ಲಿರುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ಬರೆದ ಕೈಗೆ ಹುಳುಕಡ್ಡಿ ಹತ್ತಲಿ.

ಬೆಳಗಿನ ಜಾವ. ಬೀದಿ ಗುಡಿಸುವವರು ಇನ್ನೂ ಪೊರಕೆ ಎತ್ತಿಲ್ಲ. ಸಂಶೋಧನಾಲಯದ ಹಿಂಬಾಗಿಲನ್ನು ಭುಜದಿಂದ ತಳ್ಳಿಕೊಂಡು ಅಕ್ಕ ಒಳಗೆ ಬರುತ್ತಾರೆ. ಚಪ್ಪಲಿ ಬಿಟ್ಟು, ಮೊಣಕೈವರೆಗೆ ಕೈ ತೊಳೆದು, ಸೂಕ್ಷ್ಮಾಣು ಬೆಳೆಸುವ ಬೆಚ್ಚನೆ ಕೋಣೆ ಹೊಕ್ಕು ಒಂದೊಂದೇ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಯಾವ ತಟ್ಟೆಯಲ್ಲೂ ಏನೂ ಇಲ್ಲ.

"ಬರ್ಲಿ ಬಿಡು, ಅವಸರ ಯಾರಿಗಿದೆ?" ಎಂದು ತಟ್ಟೆಗೇ ಸಮಾಧಾನ ಹೇಳಿ ವಾಪಸಿಡುತ್ತಾರೆ.

ಈ ಸೂಕ್ಷ್ಮಜೀವಿ ವಿಜ್ಞಾನಿಯನ್ನು ನಿರ್ದೇಶಕರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಕರೆಯುವುದು ಅಕ್ಕ ಅಂತಲೇ. ಅವರ ಪಾಲಿಗೆ ಬಂದಿರುವುದು ವಾಸಿಯಾಗದ ಹುಣ್ಣುಗಳೊಳಗೆ ಅಡಗಿ ಕೂರುವ ಒಂದು ಸೂಕ್ಷ್ಮಾಣು. ಸೋಮಾರಿತನದಲ್ಲಿ ಅದಕ್ಕೆ ಸಾಟಿಯಿಲ್ಲ. ಅದು ಒಂದಿದ್ದದ್ದು ಎರಡಾಗುವಷ್ಟರಲ್ಲಿ ಪಕ್ಕದ ಲ್ಯಾಬಿನ ಸೂಕ್ಷ್ಮಾಣುಗಳು ಮರಿಮಕ್ಕಳ ಮದುವೆ ಮುಗಿಸಿ ಕೈ ತೊಳೆದಿರುತ್ತವೆ. ಹಾಗಾಗಿ ಪಕ್ಕದವರು ವರ್ಷಕ್ಕೆ ಹತ್ತು ಪ್ರಬಂಧ ಬರೆದರೆ, ಅಕ್ಕ ಇಡೀ ಜೀವಮಾನದಲ್ಲಿ ಬರೆದಿರುವುದು ಒಂಬತ್ತು.

ಅಕ್ಕನ ಯಜಮಾನರು ಟೈಲರ್. "ನಾನು ಬೆಳಿಗ್ಗೆ ಬಟ್ಟೆ ಕತ್ತರಿಸಿದ್ರೆ ಸಂಜೆಗೆ ಪ್ಯಾಂಟು ರೆಡಿ. ಇವಳನ್ನ ಏನೇ ಕೇಳಿ, ಮುಂದಿನ ತಿಂಗಳು ಗೊತ್ತಾಗತ್ತೆ ಅಂತಾಳೆ. ಮದುವೆ ಆಗ್ತೀಯಾ ಅಂತ ಕೇಳಿದಾಗ್ಲೂ ಹಂಗೇ ಅಂದಿದ್ಲು!"

"ಆದ್ನಲ್ಲ, ಸುಮ್ನಿರಿ," ಎನ್ನುತ್ತಾರೆ ಅಕ್ಕ.

ಈ ಸೋಮಾರಿ ಮೊದಲು ಯಾವ ಲ್ಯಾಬಿನಲ್ಲೂ ಬೆಳೆಯುತ್ತಲೇ ಇರಲಿಲ್ಲ. ಏನು ಬಡಿಸಿದರೂ ಮುನಿಸು. ವರ್ಷಗಟ್ಟಲೆ ತಿಣುಕಾಡಿದ ಮೇಲೆ ಅಕ್ಕ ಮೊಟ್ಟೆಯ ಹಳದಿಗೆ ಇದ್ದಿಲ ಪುಡಿ ಬೆರೆಸಿ, ಕುದಿ ಬರದಂತೆ ಸಣ್ಣ ಶಾಖದಲ್ಲಿ ಕಾಯಿಸಿಟ್ಟರು. ಮಹಾರಾಯ ಬಾಯಿ ಬಿಟ್ಟ. ಅದನ್ನು ಒಂದು ಸಣ್ಣ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದನ್ನು ಅಚ್ಚಿನ ಮೊಳೆ ಜೋಡಿಸಿದವನೊಬ್ಬನೇ ಓದಿರಬೇಕು. ಆದರೆ ಸುದ್ದಿ ಹಬ್ಬಿತು. ಬೇರೆ ಲ್ಯಾಬಿನವರು ಫೋನ್ ಮಾಡಿದರು, ಅಕ್ಕ ಬಾಯಲ್ಲೇ ವಿಧಾನ ಹೇಳಿದರು, ಅವರು ಬರೆದು ಗೋಡೆಗೆ ಅಂಟಿಸಿಕೊಂಡರು. ಆ ಗೋಡೆ ನೋಡಿ ಇನ್ನೊಂದು ಲ್ಯಾಬಿನ ಗೋಡೆ. ಹೀಗೆ 'ಅಕ್ಕನ ಗಂಜಿ' ಸಮುದ್ರ ದಾಟಿತು, ಪ್ರಬಂಧ ಮಾತ್ರ ಇದ್ದಲ್ಲೇ ಇತ್ತು.

ಈ ವರ್ಷ ನಿರ್ದೇಶಕರು ಹೊಸ ಯಂತ್ರಕ್ಕೆ ಜಾಗ ಹುಡುಕುತ್ತಿದ್ದಾರೆ. ಯಾರ ಪ್ರಬಂಧಗಳನ್ನು ಬೇರೆಯವರು ಹೆಚ್ಚು ಉಲ್ಲೇಖಿಸಿದ್ದಾರೋ ಅವರ ಕೋಣೆ ಉಳಿಯುತ್ತದೆ ಎಂಬುದು ಅವರ ನಿಯಮ.

"ಅಕ್ಕಾ, ನಿಮ್ಮ ಉಲ್ಲೇಖ ಒಟ್ಟು ನಾಲ್ಕು. ಅದ್ರಲ್ಲಿ ಎರಡು ನಿಮ್ಮನ್ನ ನೀವೇ ಉಲ್ಲೇಖಿಸ್ಕೊಂಡಿದ್ದು."

"ಮಿಕ್ಕ ಇಬ್ರು ಯಾರು ಪುಣ್ಯಾತ್ಮರು ಅಂತ ನಂಗೂ ಆಶ್ಚರ್ಯ ಸಾರ್."

ತಮಾಷೆ ಮಾಡಿದರೂ ಅಂದು ಅಕ್ಕನಿಗೆ ಊಟ ಸೇರಲಿಲ್ಲ. ಬೆಚ್ಚನೆ ಕೋಣೆ ತಣ್ಣಗಾದರೆ, ಇಷ್ಟು ಕಾಲ ಸಾಕಿದ ಅಷ್ಟೂ ತಳಿಗಳು ವಾರದಲ್ಲಿ ಸಾಯುತ್ತವೆ. ಮತ್ತೆ ಬೆಳೆಸಲು ಇನ್ನೊಂದು ಜನ್ಮ ಬೇಕು.

ಕೋಣೆ ಮುಚ್ಚಲು ಒಪ್ಪಿಗೆ ಕೊಡಬೇಕಾದವರು ಹೊರಗಿನಿಂದ ಬರುವ ಪರಿಣತರು. ಬಂದವರು ದೊಡ್ಡಾಸ್ಪತ್ರೆಯೊಂದರ ಹುಣ್ಣಿನ ವಾರ್ಡಿನ ಡಾಕ್ಟರಮ್ಮ. ಬೆಚ್ಚನೆ ಕೋಣೆಗೆ ಕಾಲಿಟ್ಟವರೇ ಮೂಗರಳಿಸುತ್ತಾರೆ.

"ಇದು ಅಕ್ಕನ ಗಂಜಿ ವಾಸನೆ ಅಲ್ವಾ? ನೀವೂ ಅದನ್ನೇ ಮಾಡ್ತೀರಾ?"

"ಹೂಂ, ನಾನೇ ಮಾಡಿದ್ದು."

"ಈ ಪಾತ್ರೇದಲ್ಲ, ನಾನು ಕೇಳಿದ್ದು ಮೊದಲು ಕಂಡುಹಿಡಿದ ಆ ಅಕ್ಕ..."

"ಆ ಅಕ್ಕ ನಾನೇ ಕಣಮ್ಮ."

ಡಾಕ್ಟರಮ್ಮ ಪಕ್ಕದ ಸ್ಟೂಲು ಎಳೆದುಕೊಂಡು ಕೂರುತ್ತಾರೆ. "ನೀವು ಬದುಕಿದೀರಾ! ನಾವೆಲ್ಲ ನೀವು ತೀರ್‍ಕೊಂಡು ಎಷ್ಟೋ ಕಾಲ ಆಯ್ತು ಅಂದ್ಕೊಂಡಿದ್ವಿ. ವಿಜ್ಞಾನದಲ್ಲಿ ಹೀಗೆ ಹೆಸರಿಡೋದು ಸತ್ತವರದ್ದೇ ಅಲ್ವಾ!"

"ಬೆಳಿಗ್ಗೆ ಕನ್ನಡಿ ನೋಡಿದಾಗ ಇದ್ದೆ."

ಆಮೇಲೆ ಡಾಕ್ಟರಮ್ಮ ಗಂಭೀರವಾಗಿ ವಿವರಿಸುತ್ತಾರೆ. ಗಂಜಿಯಲ್ಲಿ ಸೂಕ್ಷ್ಮಾಣು ಬೆಳೆದರೆ ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ಗೊತ್ತಾಗುತ್ತದೆ. ಮೊದಲೆಲ್ಲ ಇಂಥ ಹುಣ್ಣು ಬಂದವರ ಕಾಲು ಕತ್ತರಿಸುತ್ತಿದ್ದರಂತೆ. ಈಗ ಬಹುಪಾಲು ಮಂದಿ ನಡೆದುಕೊಂಡೇ ಮನೆಗೆ ಹೋಗುತ್ತಾರಂತೆ. "ಒಬ್ಬ ಪೋಸ್ಟ್‌ಮ್ಯಾನ್ ಇದಾನೆ ಅಕ್ಕ, ಇವತ್ತಿಗೂ ಸೈಕಲ್ ತುಳೀತಾನೆ. ನಿಮ್ಮ ಪ್ರಬಂಧ ಇದೆ ಅಂತಾನೇ ನಮಗೆ ಗೊತ್ತಿರ್ಲಿಲ್ಲ. ಗೋಡೆ ಮೇಲೆ ನೋಡಿ ಮಾಡ್ತಿದ್ವಿ. ಗೋಡೆನ ಹ್ಯಾಗೆ ಉಲ್ಲೇಖಿಸೋದು?"

ಅಕ್ಕ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಗುರುತು ಪರಿಚಯ ಇಲ್ದೋರು ಅಷ್ಟು ತಾಳ್ಮೆಯಿಂದ ಕಾಯಿಸಿದೀರಲ್ಲಮ್ಮ, ನಾನೇ ನಿಮಗೆ ಥ್ಯಾಂಕ್ಸ್ ಹೇಳ್ಬೇಕು. ನನ್ನ ಹೆಸರು ಬರೆದ್ರೂ ಸರಿ, ಬಿಟ್ರೂ ಸರಿ. ಕುದಿ ಮಾತ್ರ ಬರಿಸ್ಬೇಡಿ."

ಡಾಕ್ಟರಮ್ಮ ನೇರ ನಿರ್ದೇಶಕರ ಬಳಿ ಹೋಗುತ್ತಾರೆ. ಒಳಗೆ ಏನು ನಡೆಯಿತೋ, ಹೊರಗೆ ಬರುವಾಗ ನಿರ್ದೇಶಕರು ಹೂವಿನ ಕುಂಡ ಬಿಟ್ಟು ಮಿಕ್ಕವರಿಗೆಲ್ಲ ನಮಸ್ಕಾರ ಮಾಡುತ್ತಿದ್ದಾರೆ.

"ಅಕ್ಕಾ, ಇನ್ಮುಂದೆ ಗಂಜಿ ಬಳಸಿದವರೆಲ್ಲ ನಿಮ್ಮ ಪ್ರಬಂಧ ಉಲ್ಲೇಖಿಸ್ತಾರಂತೆ! ಲೆಕ್ಕ ಎಲ್ಲಿಗೆ ಹೋಗತ್ತೆ ಗೊತ್ತಾ?"

"ಕೋಣೆ ಇರತ್ತಾ ಸಾರ್?"

"ಇರತ್ತೆ, ಇರತ್ತೆ. ಕೇಳಿ ಇಲ್ಲಿ, ಇಡೀ ಸಂಸ್ಥೇಲೇ ಅತಿ ಹೆಚ್ಚು ಉಲ್ಲೇಖ ನಿಮ್ಮದೇ ಆಗತ್ತೆ, ಆಮೇಲೆ ಸನ್ಮಾನ, ದೊಡ್ಡ ಸಭೆ, ಅದರಲ್ಲಿ ನಾನು ನಿಮ್ಮ ಬಗ್ಗೆ... ಅಕ್ಕಾ? ಅಕ್ಕಾ, ಬೆಚ್ಚನೆ ಕೋಣೆ ಬಾಗಿಲು ಹಾಕ್ಕೊಂಡ್ರಾ? ನಾನಿನ್ನೂ ಮಾತಾಡ್ತಾ..."