ಒಂದು ಕಣ್ಣಿಗಾಗಿ ಫೋನು ಹಿಡಿದು ಕೂತವಳು

ಬೆಳಗು ಇನ್ನೂ ಸರಿಯಾಗಿ ಮೈಮುರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಉದ್ದನೆಯ ಕೋಣೆಯಲ್ಲಿ ಒಂದೇ ದೀಪ. ಅದರ ಕೆಳಗೆ ಊರೆಲ್ಲ ‘ಫೋನಕ್ಕ’ ಎಂದು ಕರೆಯುವ ಹೆಂಗಸು, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ತಮ್ಮನ ಮಗಳಿಗೆ ಸ್ವೆಟರ್ ಹೆಣೆಯುತ್ತಿದ್ದಾಳೆ. ಆ ಕಡೆಯಿಂದ ವಿಮೆ ಕಂಪನಿಯವರು ಕಾಯಿಸುವಾಗ ಹಾಕುವ ಸಂಗೀತ. ಅದನ್ನು ಕೇಳಿ ಕೇಳಿ ಗೋಡೆಯ ಹಲ್ಲಿ ಕೂಡ ತಾಳ ಹಾಕಲು ಕಲಿತಿದೆ. ಅವರು ಫೋನೆತ್ತುವಷ್ಟರಲ್ಲಿ ಹುಟ್ಟಿದ ಮಗುವಿಗೆ ಮೀಸೆ ಬರುತ್ತದೆ. ನಸುಕಿನಲ್ಲೇ ಕರೆ ಮಾಡಿದರೆ ಹಾಲುಹಲ್ಲು ಬೀಳುವಷ್ಟರಲ್ಲಿ ಸಿಗುತ್ತಾರೆ. ಅದಕ್ಕೇ ಅವಳು ಹಾಲಿನವನಿಗಿಂತ ಮೊದಲು ಎದ್ದು ಬರುವುದು.

ಇವತ್ತು ಬೇಡಬೇಕಾಗಿರುವುದು ಒಂದು ಕಣ್ಣು. ಮೇಲಿನ ವಾರ್ಡಿನಲ್ಲಿ ಅಂಗಡಿ ಬೋರ್ಡು ಬರೆಯುವ ಪೇಂಟರ್ ಮಲಗಿದ್ದಾನೆ. ಅವನ ಬಲಗಣ್ಣಿನ ಒಳಪರದೆ ನಿನ್ನೆ ಸಂಜೆ, ಹಳೇ ಗೋಡೆಯ ಬಣ್ಣ ಎದ್ದ ಹಾಗೆ ಎದ್ದುಬಿಟ್ಟಿದೆ. ಕಣ್ಣಿನ ಡಾಕ್ಟರು ಮಧ್ಯಾಹ್ನಕ್ಕೆ ಬೇರೆ ಊರಿಗೆ ಹೊರಡುವವರು. ಅಷ್ಟರೊಳಗೆ ಅಂಟಿಸಿದರೆ ದೃಷ್ಟಿ ಉಳಿದೀತು. ಇಲ್ಲದಿದ್ದರೆ ಆ ಕಣ್ಣು ಮುಖದ ಅಲಂಕಾರಕ್ಕಷ್ಟೇ. ಆದರೆ ಅವನ ಬಳಿಯಿರುವ ವಿಮೆ ಕಾರ್ಡಿನ ಕಂಪನಿ ‘ಆಗಲಿ’ ಅನ್ನದೆ ಆಪರೇಷನ್ ಇಲ್ಲ. ಆ ‘ಆಗಲಿ’ಯನ್ನು ಹೊರಡಿಸುವುದೇ ಫೋನಕ್ಕನ ಕೆಲಸ.

ಸಂಗೀತ ನಿಲ್ಲುತ್ತದೆ. ಆ ಕಡೆಯವನ ಮುಖವನ್ನು ಅವಳು ಕಂಡಿಲ್ಲ. ಬಾಯಿ ತೆರೆದರೆ ಅವನು ಹೇಳುವುದು ಒಂದೇ ಮಾತಾದ್ದರಿಂದ ‘ಆಗಲ್ಲಪ್ಪ’ ಎಂದು ಹೆಸರಿಟ್ಟಿದ್ದಾಳೆ.

“ಆಗಲ್ಲ ಅಕ್ಕ. ಪೇಷೆಂಟು ಚಿಕ್ಕಂದಿನಿಂದ ಕನ್ನಡಕ ಹಾಕ್ತಾರೆ. ಅಂದ್ರೆ ಹಳೇ ಕಾಯಿಲೆ. ಕಾರ್ಡಿಗೆ ಬರಲ್ಲ.”

“ಅವನು ಏಣಿ ಹತ್ತಿ ಬರೆಯೋನಪ್ಪ. ಒಂದು ಕಣ್ಣು ಹೋದ್ರೆ ಏಣಿ ಹತ್ತೋದು ಹೇಗೆ? ಇವತ್ತು ನೀವು ದುಡ್ಡು ಉಳಿಸಿದ್ದಕ್ಕೆ ನಾಳೆ ಅವನು, ಹೆಂಡತಿ, ಎರಡು ಮಕ್ಕಳು ಬೀದಿಗೆ ಬರ್ತಾರಲ್ಲ, ಅದರ ಖರ್ಚು ಯಾರದು?”

“ಅದು ನಮ್ಮ ಲೆಕ್ಕಕ್ಕೆ ಬರಲ್ಲ ಅಕ್ಕ.” ಪಾಪ, ಅವನ ದನಿಯೂ ಸಣ್ಣಗಾಗಿದೆ. “ಮೇಲಿನ ಸಾಹೇಬ್ರು ಬರೋವರೆಗೂ ಲೈನಲ್ಲೇ ಇರ್ತೀರಾ?”

ಮತ್ತೆ ಸಂಗೀತ. ಹಲ್ಲಿ ಮತ್ತೆ ತಾಳಕ್ಕೆ ಕೂರುತ್ತದೆ.

ಮೇಜಿನ ಪಕ್ಕ ನಿಂತಿರುವ ಪೇಂಟರನ ಹೆಂಡತಿ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಾಳೆ. “ಕೂತ್ಕೊಳವ್ವ,” ಎಂದು ಫೋನಕ್ಕ ಕುರ್ಚಿಯನ್ನು ಕಾಲಿನಲ್ಲೇ ಮುಂದಕ್ಕೆ ತಳ್ಳುತ್ತಾಳೆ. “‘ಆಗಲ್ಲ’ ಅಂದ್ರೆ ಇವರ ಭಾಷೇಲಿ ‘ನಮಸ್ಕಾರ’ ಅಂತ. ಇನ್ನೂ ಮಾತೇ ಶುರುವಾಗಿಲ್ಲ.”

ಫೋನಕ್ಕ ಮೊದಲು ಮೇಲಿನ ವಾರ್ಡಿನಲ್ಲೇ ನರ್ಸಾಗಿದ್ದವಳು. ಕಂಪನಿಗಳು ಹೆಚ್ಚಿದವು, ಒಂದೊಂದಕ್ಕೂ ಒಂದೊಂದು ಕಟ್ಟಳೆ ಬಂತು, ಬೇಡುವವರ ಸಾಲು ಬೆಳೆಯಿತು. ಕಲ್ಲನ್ನೂ ಮಾತಾಡಿಸುವ ನಾಲಿಗೆ ಇವಳದು ಎಂದು ದೊಡ್ಡ ಡಾಕ್ಟರು ಕೆಳಗಿಳಿಸಿದರು. ಗಂಡ ತೀರಿಹೋಗಿದ್ದ ವರ್ಷ ಅದು, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು. ಇಲ್ಲವೆನ್ನುವ ಹಾಗಿರಲಿಲ್ಲ. ಈಗ ಊರಿನಲ್ಲಿ ನೆಟ್ಟಗೆ ನಡೆಯುವ ಮೊಣಕಾಲುಗಳಲ್ಲಿ ಅರ್ಧ ಅವಳ ನಾಲಿಗೆಯ ಋಣದಲ್ಲಿವೆ. ದಾರಿಯಲ್ಲಿ ಸಿಕ್ಕವರು ಕೈ ಹಿಡಿದು ನಿಲ್ಲಿಸುತ್ತಾರೆ. ದರ್ಜಿ ಅವಳ ರವಿಕೆಗೆ ಕೂಲಿ ತೆಗೆದುಕೊಳ್ಳುವುದಿಲ್ಲ. ಅವನ ಹೃದಯದ ನಾಳಕ್ಕೆ ‘ಆಗಲಿ’ ಅನ್ನಿಸಿಕೊಟ್ಟವಳು ಅವಳೇ ತಾನೆ.

ಆದರೂ ಹೊಗಳಿದರೆ ಮುಖ ಸಿಂಡರಿಸುತ್ತಾಳೆ. ಈಗ ಪೇಂಟರನ ಹೆಂಡತಿಯ ಮುಂದೆಯೂ ಅದೇ ಮಾತು. “ನನ್ನ ಹೊಗಳಬೇಡಿ, ನನ್ನ ಕುರ್ಚಿಯೇ ದಂಡ. ಬೇಡೋಕೆ ಈ ಕೋಣೆ ತುಂಬ ಜನ, ಕೊಡಲ್ಲ ಅನ್ನೋಕೆ ಆ ಕಡೆ ಇನ್ನೊಂದು ಕೋಣೆ ತುಂಬ ಜನ. ಇಷ್ಟೂ ಜನಕ್ಕೆ ಸಂಬಳ ಮಲಗಿರೋನ ದುಡ್ಡಿಂದಲೇ. ಮೇಲೆ ನೋಡಿದ್ರೆ ಅಷ್ಟು ದೊಡ್ಡ ವಾರ್ಡಿಗೆ ಇಬ್ಬರೇ ನರ್ಸು. ಪಕ್ಕದ ಕೋಣೇಲಿ ಮಕ್ಕಳಿಗೆ ಲಸಿಕೆ ಹಾಕ್ತಾರಲ್ಲ, ಅದಕ್ಕೆ ನಾನು ಯಾವತ್ತಾದ್ರೂ ಫೋನ್ ಮಾಡಿದೀನಾ? ಎಲ್ಲರ ತೆರಿಗೇಲಿ ಒಟ್ಟಿಗೆ ಕೊಳ್ತಾರೆ, ಅಗ್ಗಕ್ಕೂ ಸಿಗುತ್ತೆ. ಮಗು ಬಂತು, ಸೂಜಿ ಚುಚ್ಚಿದ್ರು, ಕಿರುಚ್ತು, ಹೋಯ್ತು. ಕಣ್ಣಿಗೂ ಹಾಗೇ ಮಾಡಿ. ಒಬ್ಬೊಬ್ಬರು ದುಡಿದಷ್ಟಕ್ಕೆ ತಕ್ಕಂತೆ ಒಂದೇ ಚೀಲಕ್ಕೆ ಹಾಕಲಿ, ಹುಷಾರಿಲ್ಲದೋನಿಗೆ ಅದರಿಂದ ಕೊಡಲಿ. ಒಂದು ಮನೇಲಿ ಹತ್ತು ಜನ ಇದ್ರೆ ಹತ್ತು ಅಡುಗೆಮನೆ ಕಟ್ತೀರಾ?”

ಆಗಷ್ಟೇ ಒಳಗೆ ಬಂದು ಕೊಡೆ ಮಡಚುತ್ತಿರುವ ಪಕ್ಕದ ಮೇಜಿನವನು ಕೆಣಕುತ್ತಾನೆ. “ಆ ಒಂದು ಅಡುಗೆಮನೆಯವನೇ ಸೋಮಾರಿಯಾದ್ರೆ ಏನ್ಮಾಡ್ತೀಯ ಅಕ್ಕ? ಎಲ್ರೂ ಉಪವಾಸ.”

“ಆಗ್ತಾನೆ, ಇಲ್ಲ ಅನ್ನಲ್ಲ. ಆದ್ರೆ ಊರೆಲ್ಲ ಅಲ್ಲೇ ಉಣ್ಣೋದಾದ್ರೆ ಊರೆಲ್ಲ ಹೋಗಿ ಕಿವಿ ಹಿಂಡಬಹುದು. ಈಗ ಯಾರ ಕಿವಿ ಅಂತ ಹುಡುಕಲಿ?”

“ನಿನ್ನ ಕೆಲಸವೂ ಹೋಗುತ್ತೆ, ನಂದೂ ಹೋಗುತ್ತೆ.”

“ನಿಂಗೆ ಪೊರಕೆ ಕೊಡಿಸ್ತೀನಿ ಬಿಡೋ. ನಾನು ಮೇಲಿನ ವಾರ್ಡಿಗೆ ವಾಪಸ್ ಹೋಗ್ತೀನಿ. ಅಷ್ಟೇ ನನ್ನಾಸೆ.”

ಸಂಗೀತ ಕಡಿಯುತ್ತದೆ. ಈ ಸಲ ಸಾಹೇಬರ ಗಂಟಲು, ಕಂಚಿನ ಕೊಳಗದ ಹಾಗೆ. ಹಳೇ ಕಾಯಿಲೆ, ಕಟ್ಟಳೆ ಇರುವುದೇ ಹಾಗೆ ಎಂದು ಅದೇ ಪಾಠ. ಫೋನಕ್ಕ ಸ್ವೆಟರ್ ಕೆಳಗಿಡುತ್ತಾಳೆ.

“ಸಾರ್, ಒಂದು ಮಾತು. ನೀವು ಕನ್ನಡಕ ಹಾಕ್ತೀರಾ?”

“ಹಾಕ್ತೀನಿ. ಯಾಕೆ?”

“ಹಾಗಾದ್ರೆ ದೇವರು ನಿಮ್ಮ ಕಣ್ಣು ಚೆನ್ನಾಗಿಟ್ಟಿರಲಿ ಸಾರ್. ಯಾಕಂದ್ರೆ ನಿಮ್ಮ ಕಾರ್ಡು ಇಡಲ್ಲ.”

ಕಂಚಿನ ಕೊಳಗ ಕೆಮ್ಮುತ್ತದೆ. ಕಾಗದ ಸರಿದಾಡುತ್ತದೆ. ಆಮೇಲೆ, “ಆಗಲಿ, ಕಳಿಸ್ತೀನಿ.”

ಪೇಂಟರನ ಹೆಂಡತಿ ಫೋನಕ್ಕನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಾಳೆ. “ನನಗಲ್ಲವ್ವ, ಆಗಲ್ಲಪ್ಪಂಗೆ ಹೇಳು. ಲೈನು ಕಡೀದೆ ಸಾಹೇಬ್ರನ್ನ ಎಬ್ಬಿಸಿದ್ದು ಅವನೇ. ಅವನಿಗೂ ಮನೇಲಿ ತಾಯಿ ಇದ್ದಾರಂತೆ,” ಎನ್ನುತ್ತಾ ಫೋನಕ್ಕ ಅವಳ ಜೊತೆಗೇ ಮೆಟ್ಟಿಲು ಹತ್ತುತ್ತಾಳೆ.

ವಾರ್ಡಿನಲ್ಲಿ ಹೊಸ ನರ್ಸು ನಾಲ್ಕು ಕಡೆಯ ಕರೆಗೆ ನಾಲ್ಕು ಕಡೆ ಓಡುತ್ತಿದ್ದಾಳೆ. ಆಪರೇಷನ್ನಿಗೆ ಮೊದಲು ಪೇಂಟರನ ಕಣ್ಣಿಗೆ ಹನಿ ಬೀಳಬೇಕು. “ಅಕ್ಕ, ಇದೊಂದು ಹಾಕ್ತೀರಾ?” ಎಂದು ಬಾಟಲಿ ಕೈಗಿಟ್ಟು ಅತ್ತ ಓಡುತ್ತಾಳೆ.

ಫೋನಕ್ಕ ಕೈ ತೊಳೆದುಕೊಳ್ಳುತ್ತಾಳೆ. ಪೇಂಟರನ ಗದ್ದ ಎತ್ತಿ, ಕೆಳರೆಪ್ಪೆಯನ್ನು ಬೆರಳ ತುದಿಯಿಂದ ಜಗ್ಗುತ್ತಾಳೆ. ಹನಿ ಅತ್ತಿತ್ತ ಹೋಗದೆ ಸರಿಯಾಗಿ ಬೀಳುತ್ತದೆ. ಅವನ ರೆಪ್ಪೆ ಕೂಡ ಅದುರುವುದಿಲ್ಲ.

“ಬಿತ್ತಾ ಅಕ್ಕ?” ಎನ್ನುತ್ತಾನೆ ಪೇಂಟರ್. “ಗೊತ್ತೇ ಆಗ್ಲಿಲ್ಲ.”

“ಬಿತ್ತಪ್ಪ,” ಎನ್ನುತ್ತಾಳೆ ಅವಳು, ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಾ. “ಸಂಬಳ ನಾಲಿಗೆಗೆ ಕೊಡ್ತಾರೆ. ಕೈಗೆ ಹಳೇ ಕೆಲಸ ಇನ್ನೂ ಮರೆತಿಲ್ಲ.”