ಒಂದು ಚಮಚ ಮೊಸರು ಸಕ್ಕರೆ

ವಿಜಯಶ್ರೀಯ ಬಾಯಿಗೆ ಆ ಚಮಚ ಇಟ್ಟ ಕೈ ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಲ್ಲಿ ಕೇಳುವುದು ಬೇಡ.

ಅಮೆರಿಕದ ಬಾಥೆಲ್‌ನಲ್ಲಿ ನಮ್ಮ ಪಕ್ಕದ ಮನೆಯವಳು. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಮೊದಲನೆಯವಳಾಗಿ ಪಾಸಾದವಳು. ಗಂಡ ದ್ವಾರಕಾನಾಥನ ವೀಸಾದಲ್ಲಿ ಇಲ್ಲಿಗೆ ಬಂದು ಎಂಟು ವರ್ಷ ಬರೀ ಒಗ್ಗರಣೆ ಹಾಕಿದಳು. ದುಡಿಯಲು ಕಾನೂನು ಬಿಡುತ್ತಿರಲಿಲ್ಲ. 2015ರಲ್ಲಿ ಪರವಾನಗಿ ಸಿಕ್ಕಿತು. ಸಿಕ್ಕಿ ಏನು ಬಂತು? ಹನ್ನೊಂದು ಕಡೆ ಹೋದಳು. ಹನ್ನೊಂದು ಕಡೆಯೂ, ಇಷ್ಟು ವರ್ಷ ಏನು ಮಾಡ್ತಿದ್ರಿ ಎಂಬ ಅದೇ ಪ್ರಶ್ನೆ. ಒಂದು ದಿನ ಅಡುಗೆಮನೆಯ ನೆಲದ ಮೇಲೆ ಕೂತು, "ಆಂಟಿ, ನಾನು ಯಾರಿಗೂ ಬೇಡವಾಗಿಬಿಟ್ಟೆ" ಎಂದು ಬಿಕ್ಕಿದಳು. ನನಗೆ ಇಡೀ ಅಮೆರಿಕದ ಮೇಲೆ ಮೈಯೆಲ್ಲ ಉರಿದುಹೋಯಿತು.

ಹನ್ನೆರಡನೆಯದು ಪಕ್ಕದೂರು ವುಡಿನ್‌ವಿಲ್‌ನಲ್ಲಿ. ಅಕ್ಕಿಯಿಂದ ಸಾಕೆ ಎಂಬ ಮದ್ಯ ಮಾಡುವ ಪುಟ್ಟ ಜಪಾನಿ ಕಾರ್ಖಾನೆ.

"ಏನೇ, ಹೆಂಡ ಮಾಡೋಕೆ ಹೋಗ್ತೀಯಾ?" ಎಂದು ರೇಗಿಸಿದೆ.

"ಅನ್ನದ ಮೇಲೆ ಬೂಷ್ಟು ಬೆಳೆಸ್ತಾರೆ ಆಂಟಿ. ನಾನು ಓದಿದ್ದೇ ಅದು!" ಎಷ್ಟೋ ದಿನದ ಮೇಲೆ ನಕ್ಕಳು. ಅಲ್ಲಿಯ ಯಜಮಾನ ಮೊರಿಟಾ ಖಾಲಿ ವರ್ಷಗಳನ್ನು ಕೆದಕಿರಲಿಲ್ಲವಂತೆ. ಒಂದು ದಿನ ಬಂದು ಕೆಲಸಕ್ಕೆ ಕೈ ಹಾಕಿ, ನೋಡೋಣ ಎಂದಿದ್ದನಂತೆ.

ಅವಳಿಗೆ ಹೈವೇ ಡ್ರೈವಿಂಗ್ ಭಯ; ನಾನೇ ಹೊರಟೆ. ಶುಭಕಾರ್ಯಕ್ಕೆ ಹೋಗುವವರಿಗೆ ಮೊಸರು ಸಕ್ಕರೆ ಕೊಡದೆ ಕಳಿಸುವುದುಂಟೇ? ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತೆ.

"ಬೇಡ ಆಂಟಿ."

ನಮ್ಮಲ್ಲಿ ಮೊದಲನೆಯ ಬೇಡವನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? "ಸುಮ್ನೆ ಬಾಯಿ ತೆಗಿಯೇ."

"ಬೇಡ ಆಂಟಿ, ಇವತ್ತು ಮೊಸರು..." ಎನ್ನುವಷ್ಟರಲ್ಲಿ ಚಮಚ ಬಾಯೊಳಗಿತ್ತು. ಕಾರಿನಲ್ಲಿ ಬಾಟಲಿಯ ನೀರೆಲ್ಲ ಮುಕ್ಕಳಿಸಿ ಕಿಟಕಿಯಾಚೆ ಉಗಿದಳು. ಗಾಬರಿ ಇರಬೇಕು ಅಂದುಕೊಂಡೆ.

ಅಲ್ಲಿ ಕೈ ತಿಕ್ಕಿ ತೊಳೆದು, ಬಿಳಿ ಕೋಟು ತೊಟ್ಟು, ಅನ್ನಕ್ಕೆ ಬೂಷ್ಟು ಹಿಡಿಸುವ ಬೆಚ್ಚನೆಯ ಕೋಣೆಯ ಬಾಗಿಲಿಗೆ ಬಂದಳು. ಮೊರಿಟಾ ಮೆಲ್ಲಗೆ ಕೇಳಿದ: "ಇವತ್ತು ಮೊಸರು ತಿಂದಿಲ್ಲ ತಾನೇ? ಈಮೇಲ್‌ನಲ್ಲಿ ಬರೆದಿದ್ದೆ."

"ಇಲ್ಲ ಅನ್ನೇ! ಯಾರಿಗೆ ಗೊತ್ತಾಗುತ್ತೆ?" ಎಂದು ಕನ್ನಡದಲ್ಲಿ ಪಿಸುಗುಟ್ಟಿದೆ.

"ತಿಂದಿದೀನಿ," ಅಂದಳು ಅವನಿಗೆ. "ಒಂದು ಚಮಚ."

ಅವನು ಬಯ್ಯಲಿಲ್ಲ, ತಲೆ ಬಾಗಿಸಿದ. "ಮೊಸರಿನ ಜೀವಾಣು ಸೇರಿದರೆ ಅನ್ನ ಕೆಡುತ್ತದೆ. ಇಡೀ ಚಳಿಗಾಲದ ಕೆಲಸ ಇದು. ನಾಳೆ ಈ ಕೆಲಸಕ್ಕೆ ಇನ್ನೊಬ್ಬರು ಬರುತ್ತಿದ್ದಾರೆ."

"ತಪ್ಪು ನನ್ನದು, ಅವಳದ್ದಲ್ಲ!" ಎಂದು ಕೈ ಮುಗಿದೆ, ಅಂಗಲಾಚಿದೆ. ಅವನು ಮತ್ತೂ ಬಾಗಿದ, ಅಷ್ಟೇ. ಗಾಜಿನಾಚೆ ಕೆಲಸಗಾರರು ಹಬೆಯಾಡುವ ಅನ್ನವನ್ನು ಬಟ್ಟೆಯ ಮೇಲೆ ಹರವುತ್ತಿದ್ದರು. ಅವರ ಕೈ ಹೋದ ಕಡೆಗೆಲ್ಲ ವಿಜಯಶ್ರೀಯ ಬೆರಳುಗಳೂ ಗಾಜಿನ ಮೇಲೆ ಆಡುತ್ತಿದ್ದವು. ಕೋಟು ಬಿಚ್ಚಿ ಮಡಿಸಿಟ್ಟು ಬರಲು ಬಹಳ ಹೊತ್ತು ಹಿಡಿಯಿತು.

ಕಾರಿನಲ್ಲಿ ನಾನೇ ಅತ್ತೆ. "ಹದಿಮೂರನೇದು ಸಿಗುತ್ತೆ ಬಿಡೇ," ಅಂದೆ.

"ನಾನು ಬೇಡ ಅಂದೆ ಆಂಟಿ," ಎಂದಳು, ಕಿಟಕಿಯತ್ತ ಮುಖ ಮಾಡಿ. "ಎರಡು ಸಲ ಅಂದೆ."

ಹೌದು. ಎರಡು ಸಲ ಅಂದಿದ್ದಳು.