ಸೀಸೆಯ ಸರದಿ

ಕಾಯುವುದು ನನಗೆ ಬಾರದ ವಿದ್ಯೆ. ಬಸ್ಸು ಬರುವ ತನಕ ನಿಲ್ಲಲಾರದೆ ಮುಂದಿನ ಸ್ಟಾಪಿಗೆ ನಡೆಯಹೊರಟು, ಎರಡು ಸ್ಟಾಪುಗಳ ನಡುವೆ ಅದನ್ನು ತಪ್ಪಿಸಿಕೊಂಡದ್ದು ಎಷ್ಟು ಸಲವೋ. ಇಂಥವನಿಗೆ ದೇವರು ಹುಳಿತೇಗನ್ನು ಕೊಟ್ಟು ಶಂಕರಪುರದ ನಮ್ಮ ಡಾಕ್ಟರ ಬೆಂಚಿನ ಮೇಲೆ ಕೂರಿಸಿದ್ದು ತಮಾಷೆ ನೋಡುವುದಕ್ಕೇ ಇರಬೇಕು.

ಎಪ್ಪತ್ತರ ದಶಕದ ಮಾತು. ಡಾಕ್ಟರ ಮನೆಯ ಮುಂದಿನ ಕೋಣೆಯೇ ಅವರ ಶಾಪು. ಔಷಧಿಗೆ ಸೀಸೆಯನ್ನು ನಾವೇ ಮನೆಯಿಂದ ತರಬೇಕು. ಕಾಂಪೌಂಡರ್ ಶಾಮಣ್ಣನವರು ಅದಕ್ಕೆ ಗುಲಾಬಿ ಬಣ್ಣದ ಮಿಕ್ಶ್ಚರ್ ಸುರಿದು, ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಹೊರಗೆ ಅಂಟಿಸಿ, ಒಂದು ಕಚ್ಚು ಒಂದು ಹೊತ್ತಿಗೆ ಎಂದು ಹೇಳಿ ಕಳಿಸುತ್ತಿದ್ದರು. ಬಂದವರು ಬಂದ ಹಾಗೆ ಖಾಲಿ ಸೀಸೆಯನ್ನು ಅವರ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡಬೇಕು. ಸೀಸೆಯ ಸರದಿಯೇ ನಮ್ಮ ಸರದಿ. ಸೀಸೆ ಇಟ್ಟವರು ಕಾಫಿಪುಡಿ ಕೊಂಡು ಬರಬಹುದು, ಗುಡಿಗೆ ಒಂದು ಸುತ್ತು ಹೋಗಿ ಬರಬಹುದು, ಜಾಗ ಎಲ್ಲಿಗೂ ಹೋಗದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ನನ್ನೊಬ್ಬನನ್ನು ಬಿಟ್ಟರೆ ಯಾರೂ ಮುರಿದೂ ಇರಲಿಲ್ಲ.

ಹಕ್ಕುಬಾಧ್ಯತೆಗಳ ವಿಷಯದಲ್ಲಿ, ಸರ್ಕಾರಿ ಗುಮಾಸ್ತನಾದ್ದರಿಂದ, ನನಗೆ ಮಾತಾಡುವ ಚಪಲ. ತನ್ನ ರೋಗದ ಕಥೆಯನ್ನು ಅಜ್ಜಿಯ ಕಾಲದಿಂದ ಶುರುಮಾಡುವುದು ರೋಗಿಯ ಹಕ್ಕು. ‘ನಾಲಿಗೆ ಚಾಚಿ’ ಎಂದು ಅದನ್ನು ಅಲ್ಲಿಗೇ ನಿಲ್ಲಿಸುವುದು ಡಾಕ್ಟರ ಹಕ್ಕು. ಬಾಗಿಲಿಗೆ ಬಂದವನನ್ನು ನೋಡದೆ ಕಳಿಸಬಾರದೆಂಬುದು ಅವರ ಹೊಣೆಯಾದರೆ, ಸೀಸೆ ತೊಳೆದು ತರುವುದು, ತಿಂದದ್ದನ್ನು ಮುಚ್ಚಿಡದೆ ಹೇಳುವುದು ನಮ್ಮದು. ಸೀಸೆಯನ್ನೇನೋ ನಾನು ಫಳಫಳ ತೊಳೆದೇ ಒಯ್ಯುತ್ತಿದ್ದೆ. ‘ಬಜ್ಜಿ ಎಷ್ಟು ತಿಂದ್ರಿ?’ ಎಂದರೆ ಮಾತ್ರ ಯಾವಾಗಲೂ ‘ಒಂದೇ ಒಂದು’.

ಚಿಕಿತ್ಸೆಗೆ ನಾಲ್ಕು ಕಾಲು ಎನ್ನುತ್ತಾರೆ ಆಯುರ್ವೇದದವರು. ವೈದ್ಯ, ಮದ್ದು, ಆರೈಕೆ ಮಾಡುವವರು, ಮತ್ತು ರೋಗಿ. ಬೆಂಚಿನಲ್ಲಿ ಪಕ್ಕಕ್ಕೆ ಕುಳಿತ ಇನ್ನೊಬ್ಬನ ವಿಚಾರವನ್ನು ಅವರು ಎತ್ತಿದಂತಿಲ್ಲ. ಅವನೂ ಒಂದು ಕಾಲೆಂದು ನನಗೆ ಗೊತ್ತಾದದ್ದು ಒಂದು ಸಂಜೆ.

ಅವತ್ತು ನನ್ನ ಸೀಸೆಯ ಮುಂದೆ ನಮ್ಮ ಬೀದಿಯ ನಿವೃತ್ತ ಗಣಿತದ ಮೇಷ್ಟ್ರ ಹಸಿರು ಸೀಸೆ ಇತ್ತು. ಮೇಷ್ಟ್ರು ಕಣ್ಣು ಮುಚ್ಚಿ ಕುಳಿತಿದ್ದರು. ನಾನು ಎದ್ದೆ, ಕೂತೆ, ಗೋಡೆಯ ಕ್ಯಾಲೆಂಡರನ್ನು ಎರಡು ಸಲ ಓದಿದೆ, ಕಾಲು ಅಲ್ಲಾಡಿಸಿ ಅಲ್ಲಾಡಿಸಿ ಬೆಂಚಿನ ಆ ತುದಿಯ ಅಜ್ಜಿಯಿಂದ ಬೈಸಿಕೊಂಡೆ. ಶಾಮಣ್ಣನವರು ಒಳಗೆ ಹೋದದ್ದೇ ತಡ, ನನ್ನ ಕೈ ನನ್ನನ್ನು ಕೇಳದೆಯೇ ಎರಡು ಸೀಸೆಗಳನ್ನು ಅದಲುಬದಲು ಮಾಡಿತು.

ಮುಂದಿನ ಕರೆ ನನಗೇ ಬಂತು. ಮದ್ದು ತುಂಬಿಸಿಕೊಂಡು ಹೊರಡುವಷ್ಟರಲ್ಲಿ, ಚಾಮರಾಜಪೇಟೆಯಲ್ಲಿ ಮಗುವೊಂದಕ್ಕೆ ಫಿಟ್ಸ್ ಬಂದಿದೆಯೆಂದು ಯಾರೋ ಓಡಿಬಂದರು. ಡಾಕ್ಟರು ಚೀಲ ಎತ್ತಿಕೊಂಡು ಸ್ಕೂಟರ್ ಹತ್ತಿ ಹೊರಟೇಬಿಟ್ಟರು.

ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಬಂದರು. “ಶಾಮಣ್ಣ, ಬರೋದು ಎಷ್ಟು ಹೊತ್ತಾಗುತ್ತೆ?”

“ಒಂದು ಗಂಟೆನಾದ್ರೂ ಆಗುತ್ತೆ ಮೇಷ್ಟ್ರೇ. ಅವ್ರ ಚೀಟಿ ಇಲ್ದೆ ನಾನು ಕೊಡೋ ಹಾಗಿಲ್ಲ.”

“ಮನೇಲಿ ಇವಳಿಗೆ ಉಬ್ಬಸ. ಒಬ್ಳೇ ಇದಾಳೆ, ನೋಡ್ಕೊಂಡು ಬರ್ತೀನಿ. ಸೀಸೆ ಇಲ್ಲೇ ಇರ್ಲಿ.”

ಮೊದಲೇ ಒಂದು ಮಾತು ಹೇಳಿದ್ದರೆ ಎಲ್ಲರೂ ಅವರಿಗೆ ದಾರಿ ಬಿಡುತ್ತಿದ್ದರು. ಆದರೆ ಮೇಷ್ಟ್ರಿಗೆ ಸಾಲು ಎಂದರೆ ಸಾಲು.

ನಾನು ಮನೆಗೆ ಹೋಗಿ ಮೊದಲ ಕಚ್ಚಿನ ತನಕ ಕುಡಿದೆ. ಹುಳಿತೇಗು ನಿಂತಿತು, ಎದೆಯುರಿ ನಿಲ್ಲಲಿಲ್ಲ. ಹೆಂಡತಿ ‘ಏನಾಯ್ತು?’ ಎಂದರೆ ‘ಏನಿಲ್ಲ’ ಎಂದು ರೇಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಹತ್ತು ನಿಮಿಷ ಕೂರಲಾಗದೆ ಮತ್ತೆ ಶಾಪಿಗೆ ಓಡಿದೆ. ಕಟ್ಟೆಯ ಮೇಲೆ ಹಸಿರು ಸೀಸೆ ಇದ್ದಲ್ಲೇ ಇತ್ತು. ಅದರ ಮುಂದೆ ಶತಪಥ ಹಾಕುತ್ತ, ಪ್ರತಿ ಸ್ಕೂಟರಿನ ಸದ್ದಿಗೂ ಬಾಗಿಲಿಗೆ ಹೋಗಿ ನೋಡುತ್ತ ಕಾದೆ. ಮೇಷ್ಟ್ರ ಹೆಂಡತಿಗೆ ಏನಾದರೂ ಆದರೆ ಎಂಬ ಹೆದರಿಕೆ.

ಡಾಕ್ಟರು ಸ್ಕೂಟರಿನಿಂದ ಇಳಿಯುವ ಮುಂಚೆಯೇ ಎಲ್ಲವನ್ನೂ ಒಪ್ಪಿಕೊಂಡೆ, ಬಜ್ಜಿಯ ಸಂಖ್ಯೆಯ ಸಮೇತ. ಅವರು ಬೈಯುವ ತಮ್ಮ ಹಕ್ಕನ್ನು ಚಲಾಯಿಸಲಿಲ್ಲ. “ಹಿಂದೆ ಕೂತ್ಕೊಳಿ, ಮನೆ ತೋರ್ಸಿ” ಎಂದರಷ್ಟೆ.

ಆ ತಾಯಿ ದಿಂಬಿಗೆ ಒರಗಿ ಕುಳಿತು, ಒಂದೊಂದು ಉಸಿರಿಗೂ ಪಾಡು ಪಡುತ್ತಿದ್ದರು. ಡಾಕ್ಟರು ಇಂಜೆಕ್ಷನ್ ಕೊಟ್ಟು ಪಕ್ಕದಲ್ಲೇ ಕುಳಿತರು. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು. ಆಮೇಲೆ ನಾನು ಮೇಷ್ಟ್ರನ್ನು ಜಗಲಿಗೆ ಕರೆದೆ.

“ಮೇಷ್ಟ್ರೇ, ಆ ಸೀಸೆ... ನಾನೇ...”

“ಸೀಸೆ ಸದ್ದಿಗೆ ಕಣ್ಣು ಬಿಟ್ಟೆ, ನೋಡ್ದೆ.”

“ಮತ್ತೆ ಯಾಕೆ ಸುಮ್ನಿದ್ರಿ?”

“ನೀವು ಕೂತಲ್ಲಿ ಕೂರಲಾರ್ದೆ ಅಷ್ಟು ಒದ್ದಾಡ್ತಿದ್ರಲ್ಲ. ಮನೇಲಿ ಯಾರಿಗೋ ಇವಳಿಗಿಂತ ಜಾಸ್ತಿ ಆಗಿರ್ಬೇಕು ಅಂದ್ಕೊಂಡೆ. ಈಗ ಹೇಗಿದಾರೆ?”

ಡಾಕ್ಟರಿಗೆ ಹೇಳಿದ್ದ ಬಜ್ಜಿಯ ಕಥೆ ಮೇಷ್ಟ್ರ ಮುಂದೆ ಬಾಯಿಗೆ ಬರಲಿಲ್ಲ. “ಪರವಾಗಿಲ್ಲ, ಮೇಷ್ಟ್ರೇ” ಎಂದು ತಲೆ ತಗ್ಗಿಸಿದೆ.

ಈಗ ಎಂಬತ್ತರ ದಶಕ. ಸೀಸೆಗಳ ಸಾಲು ಹೋಗಿ, ನಂಬರು ಕೊರೆದ ತಗಡಿನ ಬಿಲ್ಲೆ ಬಂದಿದೆ. ನನ್ನ ಕಾಲು ಈಗಲೂ ಬೆಂಚಿನ ಕೆಳಗೆ ಅಲ್ಲಾಡುತ್ತಲೇ ಇರುತ್ತದೆ. ಆದರೆ ನನ್ನ ಹಿಂದಿನವರು ನನಗಿಂತ ಜಾಸ್ತಿ ಒದ್ದಾಡುತ್ತಿದ್ದರೆ ನನ್ನ ಬಿಲ್ಲೆಯನ್ನು ಅವರಿಗೆ ಕೊಟ್ಟು ಅವರದನ್ನು ಇಸಿದುಕೊಳ್ಳುತ್ತೇನೆ. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬಜ್ಜಿ ತಿಂದು ಬಂದವರೇ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಎದ್ದು ಜಾಗ ಬಿಡುವುದು ಆ ಹತ್ತನೆಯವರಿಗೆ.